ಗ್ರಾಮ ಸಭೆಯಲ್ಲಿ ಆಡಿದ ಮಾತು ಪುಸ್ತಕದಲ್ಲಿ ಬರಲಿ



ವಾರದ ಸಭೆಗೆ ಕೂತಾಗ ನೀವು ಮೊದಲು ಹಾಜರಿ ಹಾಕ್ತೀರಿ. ಆಮೇಲೆ ಹಿಂದಿನ ಸಭೆಯ ನಡಾವಳಿ ಓದ್ತೀರಿ. ಉಳಿತಾಯ ಎಷ್ಟಾಯ್ತು, ಸಾಲ ಯಾರಿಗೆ, ಮರುಪಾವತಿ ಯಾವಾಗ ಅಂತ ಬರೆದು, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿ ಏಳ್ತೀರಿ. ಪುಸ್ತಕದಲ್ಲಿ ಬರೆಯದೆ ಸಂಘದ ಒಂದು ರೂಪಾಯಿಯೂ ಆಚೆ ಹೋಗೋದಿಲ್ಲ. ಇದೇ ಶಿಸ್ತನ್ನು ಊರಿನ ಗ್ರಾಮ ಸಭೆಗೂ ತಗೊಂಡು ಹೋಗಬೇಕು ಎಂಬುದನ್ನು ಈ ಸಲ ನಿಮಗೆ ತಿಳಿಸಲು ಇಷ್ಟಪಡುತ್ತೇವೆ.

ಗ್ರಾಮ ಸಭೆಗೆ ಹೋದವರು ಬಂದು ಹೇಳೋದು ಸಾಮಾನ್ಯವಾಗಿ ಒಂದೇ ಮಾತು: "ನಾವು ಕೇಳಿದ್ವಿ, ಅವರು ಆಯ್ತು ಅಂದ್ರು, ಆಗಲಿಲ್ಲ." ಕೇಳಿದ್ದು ಸರಿಯೇ. ಆದರೆ ಅದನ್ನು ಬರೆಸಿದಿರಾ? ಬರೆಸದ ಬೇಡಿಕೆ ಗಾಳಿಗೆ ಹೋದ ಹಾಗೆ.

ಗ್ರಾಮ ಸಭೆ ಅಂದರೆ ಯಾರು?

ಗ್ರಾಮ ಪಂಚಾಯಿತಿ ಬೇರೆ, ಗ್ರಾಮ ಸಭೆ ಬೇರೆ. ಪಂಚಾಯಿತಿ ಎಂದರೆ ನಾವು ಆರಿಸಿ ಕಳಿಸುವ ಸದಸ್ಯರು. ಗ್ರಾಮ ಸಭೆ ಎಂದರೆ ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ. ಅಂದರೆ ನೀವೇ. ನಿಮ್ಮನ್ನು ಅಲ್ಲಿಗೆ ಯಾರೂ ಉಪಕಾರಕ್ಕೆ ಕರೆಯೋದಲ್ಲ, ನೀವು ಅದರ ಸದಸ್ಯರು.

ಇದು 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಈಗ ಅದರ ಹೆಸರು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಅದರ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮ ಸಭೆ ನಡೆಯಬೇಕು. ಅದಕ್ಕೆ ಮುಂಚೆ ವಾರ್ಡ್ ಸಭೆ. ಗ್ರಾಮ ಸಭೆಗೆ ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಸೇರಬೇಕು. ಸೇರಿದವರಲ್ಲಿ ನೂರಕ್ಕೆ 30 ಮಂದಿ ಹೆಣ್ಣುಮಕ್ಕಳೇ ಇರಬೇಕು. ನಮ್ಮ ಹಾಜರಿ ಇಲ್ಲದೆ ಸಭೆಯೇ ಪೂರ್ತಿ ಆಗೋದಿಲ್ಲ ಅಂತಾಯ್ತು.

ಆದ್ದರಿಂದ ಒಂದು ಎಚ್ಚರಿಕೆ: ಯಾರಾದರೂ ಹಾಜರಿ ಪುಸ್ತಕ ಮನೆ ಬಾಗಿಲಿಗೆ ತಂದು "ಇಲ್ಲೊಂದು ಸಹಿ ಹಾಕ್ರಮ್ಮ" ಅಂದರೆ ಹಾಕಬೇಡಿ. ಸಭೆಗೆ ಹೋಗದೆ ಹಾಕಿದ ಒಂದು ಸಹಿ, ನಡೆಯದ ಸಭೆಯನ್ನು ನಡೆದಿದೆ ಅಂತ ತೋರಿಸಬಲ್ಲದು.

ಸದಸ್ಯರ ಅವಧಿ ಮುಗಿಯುತ್ತೆ, ಸಭೆಯದ್ದಲ್ಲ

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅದಾದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ಅವನ್ನು ನಡೆಸಿದರು. ಗ್ರಾಮ ಪಂಚಾಯಿತಿಗೆ 2020ರ ಡಿಸೆಂಬರ್‌ನಲ್ಲಿ ನಾವು ಆರಿಸಿದ ಸದಸ್ಯರಿಗೂ ಐದೇ ವರ್ಷದ ಅವಧಿ. ಆದರೆ ಗ್ರಾಮ ಸಭೆಗೆ ಅವಧಿ ಇಲ್ಲ. ಕುರ್ಚಿಯ ಮೇಲೆ ಅಧ್ಯಕ್ಷರಿರಲಿ, ಅಧಿಕಾರಿ ಇರಲಿ, ಮುಂದೆ ಕೂತು ಲೆಕ್ಕ ಕೇಳುವ ಹಕ್ಕು ಮತದಾರರದ್ದೇ.

ನಮ್ಮ ಸೀಮೆಗೆ ಇದು ಹೊಸದಲ್ಲ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಒಂದು ಕಾಲಕ್ಕೆ ದೊಡ್ಡ ನಾಡಿನ ಕೇಂದ್ರ. ಶಾಸನಗಳಲ್ಲಿ 'ಕೋಗಳಿ 500' ಅಂತ ಬರುತ್ತದೆ. ಆ ಕಾಲದ ಹಿರಿಯರು ಭೂಮಿ ಕೊಟ್ಟರೂ ಹಣ ಕೊಟ್ಟರೂ ಯಾರು, ಯಾರಿಗೆ, ಎಷ್ಟು ಅಂತ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಮುಂದೆ ಯಾರೂ ಇಲ್ಲ ಅನ್ನಬಾರದು ಅಂತ. ನಮಗೆ ಕಲ್ಲು ಬೇಡ, ನಡಾವಳಿ ಪುಸ್ತಕ ಸಾಕು.

ಕೇಳುತ್ತಲೇ ಇದ್ದರೆ ಆಗುತ್ತೆ ಅನ್ನೋದಕ್ಕೆ ಹರಪನಹಳ್ಳಿಯೇ ಸಾಕ್ಷಿ. 1997ರಲ್ಲಿ ಆ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು. 2013ರಲ್ಲಿ ಬಳ್ಳಾರಿ ಜಿಲ್ಲೆಗೆ 371(ಜೆ) ವಿಶೇಷ ಸೌಲಭ್ಯ ಬಂದಾಗ ಹರಪನಹಳ್ಳಿ ಹೊರಗೆ ಉಳಿಯಿತು. ಅಲ್ಲಿನ ಜನ ಸುಮ್ಮನೆ ಕೂರಲಿಲ್ಲ. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು. 2021ರಲ್ಲಿ ಆದ ವಿಜಯನಗರ ಜಿಲ್ಲೆಯಲ್ಲಿ ಈಗ ಅದೂ ಒಂದು ತಾಲ್ಲೂಕು.

ಬೇಡಿಕೆ ಬರೆಸೋದು ಹೇಗೆ?

ನೀರಿನ ವಿಷಯವನ್ನೇ ತಗೊಳ್ಳೋಣ. ಕೂಡ್ಲಿಗಿ ಸೇರಿದಂತೆ ನಮ್ಮ ಬಯಲು ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಕಾಟ ಹಳೆಯದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಯೋಗ್ಯವಲ್ಲ. ಬಹಳ ವರ್ಷ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತೆ, ದೊಡ್ಡವರ ಕೀಲು ಮೂಳೆ ಹಿಡಿದುಕೊಳ್ಳುತ್ತೆ. ನೀರು ಹೊರುವವರೂ ನಾವೇ, ನೋವು ತಿನ್ನುವವರೂ ನಾವೇ.

ಸಭೆಯಲ್ಲಿ "ನಮ್ಮ ಓಣಿಗೆ ನೀರು ಸರಿಯಿಲ್ಲ" ಅಂದರೆ "ನೋಡೋಣ" ಅನ್ನೋ ಉತ್ತರ ಬರುತ್ತೆ. ಅದರ ಬದಲು ಹೀಗೆ ಕೇಳಿ: "2019ರಲ್ಲಿ ಶುರುವಾದ ಜಲ ಜೀವನ್ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗುರಿ ಇತ್ತು. ನಮ್ಮ ಓಣಿಯ ಎಷ್ಟು ಮನೆಗೆ ನಲ್ಲಿ ಬಂದಿದೆ? ಎಷ್ಟು ದಿನಕ್ಕೊಮ್ಮೆ ನೀರು ಬರುತ್ತೆ? ಪರೀಕ್ಷೆ ಯಾವತ್ತು ಮಾಡಿಸಿದಿರಿ, ಫ್ಲೋರೈಡ್ ಎಷ್ಟು ಬಂತು?" ಆ ಯೋಜನೆಯಲ್ಲಿ ಪ್ರತಿ ಹಳ್ಳಿಗೆ ಐದು ಮಂದಿ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕು ಎಂದೂ ಇದೆ. ನಮ್ಮೂರಲ್ಲಿ ಆ ಐವರು ಯಾರು ಅಂತಲೂ ಕೇಳಿ.

ಹಣವಿಲ್ಲ ಅಂದರೆ ಇದನ್ನು ನೆನಪಿಡಿ: 2021ರಿಂದ 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು. ಅದರಲ್ಲಿ ಏನು ಕೆಲಸ ಆಯ್ತು ಅಂತ ಲೆಕ್ಕ ಓದಿಸಿ.

ಕೂಲಿ ಕೆಲಸದ ವಿಷಯವೂ ಹಾಗೇ. 2005ರ ಉದ್ಯೋಗ ಖಾತರಿ ಕಾಯ್ದೆ ಬಂದ ಮೇಲೆ ಗ್ರಾಮ ಸಭೆಯಲ್ಲೇ ಲೆಕ್ಕ ಓದುವ ಸಾಮಾಜಿಕ ಪರಿಶೋಧನೆ ಹಳ್ಳಿಗೆ ಬಂತು. 2025ರ ಡಿಸೆಂಬರ್‌ನಲ್ಲಿ ಅದರ ಜಾಗಕ್ಕೆ ಸಂಸತ್ತು ಹೊಸ ಕಾಯ್ದೆ ಮಾಡಿತು. ಹೆಸರು ಏನೇ ಇರಲಿ, ಯಾವ ಕೆಲಸ, ಎಷ್ಟು ಆಳು, ಎಷ್ಟು ಕೂಲಿ ಅಂತ ಕೇಳೋದನ್ನು ಬಿಡಬೇಡಿ. ಕೆಲಸ ಸಿಗದಿದ್ದರೆ ಗುಳೆ ಹೋಗೋದು ನಮ್ಮ ಮನೆಯವರೇ. ಗುಳೆ ಹೋದವರ ಹೆಸರು ಮನೆ ಪಟ್ಟಿಯಿಂದ ಬಿಟ್ಟು ಹೋಗದಂತೆ ನೋಡಿಕೊಳ್ಳೋದೂ ಊರಲ್ಲಿ ಉಳಿದ ನಮ್ಮ ಕೆಲಸ.

ಸಭೆಗೆ ಹೋಗುವಾಗ

1. ಹಿಂದಿನ ವಾರದ ಸಂಘದ ಸಭೆಯಲ್ಲೇ ಚರ್ಚೆ ಮಾಡಿ, ಎರಡೇ ಎರಡು ಬೇಡಿಕೆ ಆರಿಸಿ. ಹತ್ತು ಕೇಳಿದರೆ ಒಂದೂ ಆಗೋದಿಲ್ಲ.

2. ಬೇಡಿಕೆಯನ್ನು ಎರಡು ಪ್ರತಿ ಬರೆಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿ ಸಹಿ, ತಾರೀಖು ಹಾಕಿಸಿಕೊಳ್ಳಿ.

3. ಎಲ್ಲರೂ ಕೂಡಿ ಹೋಗಿ, ಮುಂದೆ ಕೂತುಕೊಳ್ಳಿ. ಹಿಂದೆ ಗೋಡೆಗೆ ಒರಗಿ ನಿಂತವರ ದನಿ ಮುಂದಕ್ಕೆ ಕೇಳೋದಿಲ್ಲ. ಒಬ್ಬಾಕೆ ಮಾತಾಡಲಿ, ಇನ್ನೊಬ್ಬಾಕೆ ಬರೆದುಕೊಳ್ಳಲಿ.

4. ಹಿಂದಿನ ಗ್ರಾಮ ಸಭೆಯ ನಿರ್ಣಯ ಓದಿಸಿ. ಯಾವುದು ಆಯ್ತು, ಯಾವುದು ಉಳಿಯಿತು ಅಂತ ಕೇಳಿ.

5. ಏಳುವ ಮುಂಚೆ ನಿಮ್ಮ ಬೇಡಿಕೆ ನಡಾವಳಿಯಲ್ಲಿ ಬಂತಾ ಅಂತ ಓದಿಸಿ ಕೇಳಿ. ಯಾರು ಮಾಡಬೇಕು, ಯಾವ ತಾರೀಖಿನೊಳಗೆ ಅನ್ನೋದೂ ಬರಲಿ.

6. ನಡಾವಳಿಯ ನಕಲು ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

ಇನ್ನೊಂದು ಮಾತು. ಎಲ್ಲವೂ ಪಂಚಾಯಿತಿಯ ಕೈಯಲ್ಲಿಲ್ಲ. ವಿಧವಾ ವೇತನ, ವೃದ್ಧಾಪ್ಯ ವೇತನ ಕಂದಾಯ ಇಲಾಖೆಯದ್ದು. ರೇಷನ್ ಕಾರ್ಡು ಆಹಾರ ಇಲಾಖೆಯದ್ದು. ಆದರೂ ಸಭೆಯ ನಿರ್ಣಯ ಮಾಡಿಸಿ ಆ ಇಲಾಖೆಗೆ ಕಳಿಸಬಹುದು. ಒಬ್ಬ ಅಜ್ಜಿಯ ಅರ್ಜಿಗಿಂತ ಊರಿನ ನಿರ್ಣಯಕ್ಕೆ ತೂಕ ಜಾಸ್ತಿ. ಸಭೆಯನ್ನೇ ಕರೆಯದಿದ್ದರೆ, ನೂರಕ್ಕೆ ಹತ್ತು ಮಂದಿ ಮತದಾರರು ವಿಷಯ ಬರೆದು ಸಹಿ ಹಾಕಿ ವಿಶೇಷ ಗ್ರಾಮ ಸಭೆ ಕೇಳಬಹುದು. ನಾಲ್ಕೈದು ಸಂಘ ಕೂಡಿ ಮನೆಮನೆ ತಿರುಗಿದರೆ ಈ ಸಹಿ ಕೂಡಿಸೋದು ಕಷ್ಟವಲ್ಲ.

ಬರುವ ವಾರದ ಸಭೆಯಲ್ಲಿ ಈ ಹಾಳೆಯನ್ನು ಓದು ಬರುವವರು ಎಲ್ಲರಿಗೂ ಓದಿ ಹೇಳಿ. ಮುಂದಿನ ಗ್ರಾಮ ಸಭೆಗೆ ಒಯ್ಯುವ ಎರಡು ಬೇಡಿಕೆ ಯಾವುವು ಅಂತ ಅವತ್ತೇ ತೀರ್ಮಾನಿಸಿ, ಮೊದಲು ನಿಮ್ಮ ಸಂಘದ ಪುಸ್ತಕದಲ್ಲೇ ಬರೆಯಿರಿ.