ಬೇಸ್ ಗಿಟಾರ್ ಕಲಿಯೋದು ಯಾಕಿಷ್ಟು ಕಷ್ಟ? ಅದನ್ನು ಮೊದಲು ನುಡಿಸಿದವರ ಹೆಸರು ಯಾಕೆ ಎಲ್ಲೂ ಇಲ್ಲ?

ಬೇರೆಯವರ ಹಾಡುಗಳನ್ನು ವೇದಿಕೆ ಮೇಲೆ ನುಡಿಸುವ ತಂಡಕ್ಕೆ ಬೆಂಗಳೂರಿನ ಪಬ್‌ಗಳಲ್ಲಿ ಕವರ್ ಬ್ಯಾಂಡ್ ಅಂತಾರೆ. ಗಣೇಶೋತ್ಸವದ ಪೆಂಡಾಲಿನಲ್ಲಿ ಇದೇ ಕೆಲಸಕ್ಕೆ ಆರ್ಕೆಸ್ಟ್ರಾ ಅಥವಾ ರಸಮಂಜರಿ ಅಂತ ಹೆಸರು. ಎರಡೂ ಕಡೆ ಡ್ರಮ್ಸ್ ಪಕ್ಕದಲ್ಲಿ, ಬೆಳಕು ಕಮ್ಮಿ ಬೀಳುವ ಜಾಗದಲ್ಲಿ, ನಾಲ್ಕು ದಪ್ಪ ತಂತಿಯ ಗಿಟಾರ್ ಹಿಡಿದು ಒಬ್ಬರು ನಿಂತಿರುತ್ತಾರೆ. ಹಾಡು ಮುಗಿದಾಗ ಚಪ್ಪಾಳೆ ಗಾಯಕರಿಗೆ, ಶಿಳ್ಳೆ ಲೀಡ್ ಗಿಟಾರಿಗೆ. ಬೇಸ್ ನುಡಿಸುವವರು ಮಾತ್ರ ನಿಂತಲ್ಲೇ ಇರುತ್ತಾರೆ.

‘ಬಾಸ್’ ಅಲ್ಲ, ಬೇಸ್. ನಮ್ಮ ಚಿತ್ರರಂಗದಲ್ಲಿ ಬಾಸ್‌ಗಳಿಗೆ ಕಟೌಟ್ ಇದೆ, ಬೇಸ್‌ನವರಿಗೆ ಟೈಟಲ್ ಕಾರ್ಡ್ ಕೂಡ ಇಲ್ಲ. ಕಷ್ಟದ ಬೇಸ್ ಲೈನ್ ಒಂದನ್ನು ಕೂತು ಕಲಿಯೋದು ಹೇಗೆ ಅನ್ನೋದು ಈ ಲೇಖನದ ಒಂದು ಪ್ರಶ್ನೆ. ಅದನ್ನು ಮೊದಲು ಕಟ್ಟಿದವರಿಗೆ ಸಿಕ್ಕಿದ್ದೇನು ಅನ್ನೋದು ಇನ್ನೊಂದು. ಮೊದಲನೆಯದನ್ನು ಸರಿಯಾಗಿ ಮಾಡಿದರೆ ಎರಡನೆಯದು ತಾನಾಗೇ ಎದುರಾಗುತ್ತೆ.

ಮೊದಲ ಅಡ್ಡಿ: ಕೇಳಿಸೋದೇ ಇಲ್ಲ

ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ‘ಇ’. ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಉಳಿದ ಮೂರು ತಂತಿಗಳು ‘ಎ’ 55, ‘ಡಿ’ 73, ‘ಜಿ’ 98 ಹರ್ಟ್ಸ್. ನಮ್ಮ ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಸದ್ದನ್ನು ಹೊರಡಿಸುವಷ್ಟು ಗಾಳಿ ತಳ್ಳುವ ತಾಕತ್ತಿಲ್ಲ. ಹಾಗಿದ್ದರೂ ಬೇಸ್ ಒಂಚೂರು ಕೇಳಿಸಿದ ಹಾಗೆ ಆಗುತ್ತಲ್ಲ, ಯಾಕೆ? ತಂತಿ ಮೀಟಿದಾಗ 41ರ ಜೊತೆ 82, 123, 164 ಹರ್ಟ್ಸ್ ಹೀಗೆ ಮೇಲಿನ ಅಂಶಗಳೂ ಹುಟ್ಟುತ್ತವೆ. ಅವುಗಳ ನಡುವಿನ ಅಂತರ ನೋಡಿ ನಮ್ಮ ಮೆದುಳು, ಅಲ್ಲಿಲ್ಲದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತೆ. ಅಂದರೆ ಫೋನಿನಲ್ಲಿ ನೀವು ಕೇಳುವ ಬೇಸ್ ಅರ್ಧ ನಿಮ್ಮದೇ ಊಹೆ. ಊಹೆ ಕೇಳಿಕೊಂಡು ಸ್ವರ ಹುಡುಕೋದು ಹೇಗೆ?

ಹಾಗಾಗಿ ಮೊದಲ ಹೆಜ್ಜೆ ಗಿಟಾರ್ ಎತ್ತಿಕೊಳ್ಳೋದಲ್ಲ, ಕೇಳೋದು. ಒಳ್ಳೆ ಹೆಡ್‌ಫೋನ್ ಬೇಕು. ಹಾಡಿನ ಶ್ರುತಿ ಬದಲಾಗದ ಹಾಗೆ ವೇಗವನ್ನು ಅರ್ಧಕ್ಕೆ ಇಳಿಸುವ ಆ್ಯಪ್‌ಗಳಿವೆ. ಸ್ವರ ಮಸುಕಾಗಿದ್ದರೆ ಒಂದು ಸ್ಥಾಯಿ ಮೇಲೆತ್ತಿ ಕೇಳಿದರೆ ಬೇಸ್ ಲೈನ್ ಮಾಮೂಲಿ ಗಿಟಾರಿನ ಹಾಗೆ ಸ್ಪಷ್ಟವಾಗುತ್ತೆ. ಹಾಡಿನಿಂದ ದನಿ, ಡ್ರಮ್ಸ್, ಬೇಸ್‌ಗಳನ್ನು ಬೇರೆ ಬೇರೆ ಮಾಡಿಕೊಡುವ ತಂತ್ರಾಂಶಗಳೂ ಇವೆ. ಡೀಜರ್ ಕಂಪನಿ 2019ರಲ್ಲಿ ‘ಸ್ಪ್ಲೀಟರ್’ ಅನ್ನು ಓಪನ್ ಸೋರ್ಸ್ ಆಗಿ ಬಿಟ್ಟ ಮೇಲೆ ಇದು ಲ್ಯಾಪ್‌ಟಾಪ್ ಇರುವ ಯಾರ ಕೈಗೂ ಸಿಗುವ ವಿದ್ಯೆಯಾಯ್ತು.

ಒಂದೇ ಬೆರಳಿನ ಸರ್ಕಸ್

ಒಂದು ಹಾಡು ಇಟ್ಟುಕೊಂಡು ನೋಡೋಣ. ಸ್ಟೀವಿ ವಂಡರ್ ಹಾಡಿದ ‘ಫಾರ್ ಒನ್ಸ್ ಇನ್ ಮೈ ಲೈಫ್’. 1968ರಲ್ಲಿ ಅಮೆರಿಕದ ಡೆಟ್ರಾಯ್ಟ್ ನಗರದ ಮೋಟೌನ್ ಕಂಪನಿ ಹೊರತಂದಿದ್ದು. ಕೇಳೋಕೆ ಹಗುರ, ಖುಷಿಯ ಹಾಡು. ಬೇಸ್ ಕಲಿಯಲು ಕೂತವರಿಗೆ ಮಾತ್ರ ಬೆವರು.

ಬಹುತೇಕ ಪಾಪ್ ಹಾಡುಗಳ ಬೇಸ್ ಲೈನ್‌ನಲ್ಲಿ ಎರಡು ನಾಲ್ಕು ಅಳತೆಯ ಒಂದು ವಿನ್ಯಾಸ ಇರುತ್ತೆ, ಅದೇ ಮರುಕಳಿಸುತ್ತೆ. ಇಲ್ಲಿ ಹಾಗಿಲ್ಲ. ಪ್ರತಿ ಸಾಲಿಗೂ ಹೊಸ ದಾರಿ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಅರ್ಧ ಸ್ವರಗಳನ್ನೆಲ್ಲ ಮೆಟ್ಟಿಲು ಮಾಡಿಕೊಂಡು ಹತ್ತಿ ಇಳಿಯುತ್ತೆ. ಪೆಟ್ಟು ಬೀಳಬೇಕಾದ ಕಡೆ ಮೌನ, ಮೌನ ಇರಬೇಕಾದ ಕಡೆ ಪೆಟ್ಟು. ಇದನ್ನು ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ತೋರುಬೆರಳಿನಲ್ಲಿ ಮೀಟುತ್ತಿದ್ದರು. ಆ ಬೆರಳಿಗೆ ‘ಹುಕ್’ ಅಂತ ಅಡ್ಡಹೆಸರೇ ಇತ್ತು. ಬೇರೆಯವರಿಗೆ ಎರಡು ಬೆರಳಲ್ಲೂ ಕಷ್ಟವಾಗುವುದು ಅವರಿಗೆ ಒಂದರಲ್ಲಿ ಸಾಗುತ್ತಿತ್ತು.

ಇಂಥದ್ದನ್ನು ಕಲಿಯುವ ಕ್ರಮ ಹೀಗೆ. ಮೊದಲು ಹಾಡಿನ ಕಾರ್ಡ್‌ಗಳನ್ನು ಬರೆದುಕೊಳ್ಳಿ. ಪ್ರತಿ ಕಾರ್ಡಿನ ಮೂಲಸ್ವರವನ್ನಷ್ಟೇ ನುಡಿಸುತ್ತ ಇಡೀ ಹಾಡು ಒಂದು ಸಲ ದಾಟಿ. ಇದು ಅಸ್ಥಿಪಂಜರ. ಆಮೇಲೆ ನಡುವಿನ ಓಡಾಟದ ಸ್ವರಗಳನ್ನು ಎರಡೆರಡು ಅಳತೆಯಂತೆ ಸೇರಿಸಿ. ಅವು ಎಲ್ಲಿಗೆ ಹೋಗಿ ಮುಟ್ಟುತ್ತಿವೆ ಅಂತ ಗೊತ್ತಿದ್ದರೆ ನೆನಪಿಡೋದು ಸುಲಭ. ಬಾಯಿಪಾಠ ಮಾಡಿದರೆ ವೇದಿಕೆ ಮೇಲೆ ಒಂದು ಕಡೆ ಕೊಂಡಿ ತಪ್ಪಿದರೂ ಮುಂದಿನದೆಲ್ಲ ಮರೆತುಹೋಗುತ್ತೆ.

ಲಯಕ್ಕೆ ನಮ್ಮ ಹತ್ತಿರವೇ ಒಳ್ಳೆ ಉಪಾಯ ಇದೆ. ಒಂದು ಪೆಟ್ಟನ್ನು ನಾಲ್ಕು ಭಾಗ ಮಾಡಿದರೆ ಅದು ಚತುರಶ್ರ ನಡೆ. ಕಾಲಲ್ಲಿ ತಾಳ ಹಾಕುತ್ತ ‘ತಕಧಿಮಿ’ ಹೇಳಿಕೊಂಡು, ಬೇಸ್ ಸ್ವರ ಬೀಳುವ ಅಕ್ಷರವನ್ನು ಮಾತ್ರ ಜೋರಾಗಿ ಹೇಳಿ. ಬಾಯಲ್ಲಿ ಬಂದಿದ್ದು ಕೈಗೆ ಬರುತ್ತೆ. ಬಾಯಲ್ಲಿ ಬರದಿದ್ದು ಬೆರಳಿಗೂ ಬರಲ್ಲ. ನಿಮಿಷಕ್ಕೆ 100 ಪೆಟ್ಟಿನ ವೇಗದಲ್ಲಿ ಆ ನಾಲ್ಕನೇ ಒಂದು ಭಾಗ ಅಂದರೆ 150 ಮಿಲಿಸೆಕೆಂಡ್. ಅದರಲ್ಲಿ ಐದನೇ ಒಂದು ಪಾಲು ಆಚೀಚೆ ಆದರೂ ಹಾಡು ಎಡವಿದ ಹಾಗೆ ಅನಿಸುತ್ತೆ. ಅದಕ್ಕೇ 60 ಪೆಟ್ಟಿನಲ್ಲಿ ಶುರು ಮಾಡಿ, ಮೂರು ಸಲ ತಪ್ಪಿಲ್ಲದೆ ಬಂದ ಮೇಲೆ ಐದೈದರಂತೆ ಏರಿಸಬೇಕು.

ಕವರ್ ಬ್ಯಾಂಡಿಗೆ ಮಾತ್ರ ಬರುವ ಇನ್ನೊಂದು ಕಷ್ಟ ಇದೆ. ಗಾಯಕರು ‘ನನಗೆ ಒಂದು ಮನೆ ಇಳಿಸಿ’ ಅಂತಾರೆ. ಹಾಡುವವರಿಗೆ ಅದು ಸಣ್ಣ ಮಾತು. ಜೇಮರ್ಸನ್ ಶೈಲಿಯ ಜೀವ ಇರೋದೇ ಎಡಗೈ ಒತ್ತದೆ ನುಡಿಸುವ ತೆರೆದ ತಂತಿಗಳಲ್ಲಿ. ಕೈ ಒಂದು ಜಾಗದಿಂದ ಇನ್ನೊಂದಕ್ಕೆ ಜಾರಲು ಆ ತೆರೆದ ಸ್ವರವೇ ಸಮಯ ಕೊಡುತ್ತೆ. ಶ್ರುತಿ ಇಳಿಸಿದ ತಕ್ಷಣ ಆ ತಂತಿಗಳು ಕೈಬಿಡುತ್ತವೆ, ಬೆರಳಿನ ಲೆಕ್ಕವೆಲ್ಲ ಬುಡಮೇಲು. ಕೆಳಗಿನ ‘ಇ’ ಇನ್ನೂ ಕೆಳಗಿಳಿದರೆ ನಾಲ್ಕು ತಂತಿಯಲ್ಲಿ ಆ ಸ್ವರವೇ ಇರಲ್ಲ. ಆಗ ಐದು ತಂತಿಯ ಬೇಸ್ ತರಬೇಕು, ಇಲ್ಲವೇ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಸಡಿಲಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಒಂದು ವಿಷಯ ಸ್ಪಷ್ಟವಾಗುತ್ತೆ: ಇದು ‘ಹಿನ್ನೆಲೆ’ ಅಲ್ಲ. ಹಾಡಿನೊಳಗೆ ಇನ್ನೊಂದು ಹಾಡು ಕಟ್ಟಿದ್ದಾರೆ. ಹಾಗಾದರೆ ಆ ಹಾಡು ಬರೆದವರು ಯಾರು? ದಾಖಲೆ ಪ್ರಕಾರ ರಾನ್ ಮಿಲ್ಲರ್ ಮತ್ತು ಒರ್ಲಾಂಡೋ ಮರ್ಡನ್. ಜೇಮರ್ಸನ್ ಹೆಸರು ಅಲ್ಲಿಲ್ಲ.

ಟಿಕೆಟ್ ಕೊಂಡು ಬಾಲ್ಕನಿಯಲ್ಲಿ ಕೂತ ಕಲಾವಿದ

ಮೋಟೌನ್ ಮಾಲೀಕ ಬೆರ್ರಿ ಗಾರ್ಡಿ ಮೊದಲು ಡೆಟ್ರಾಯ್ಟಿನ ಕಾರು ಕಾರ್ಖಾನೆಯಲ್ಲಿ ದುಡಿದವರು. ಅದೇ ಅಸೆಂಬ್ಲಿ ಲೈನ್ ಮಾದರಿಯಲ್ಲಿ ಹಾಡಿನ ಕಂಪನಿ ಕಟ್ಟಿದರು. ಮಾಲೀಕರೂ ಕಪ್ಪು ಸಮುದಾಯದವರು, ಗಾಯಕರೂ ಅದೇ ಸಮುದಾಯದವರು. ವರ್ಣಭೇದದ ಅಮೆರಿಕದಲ್ಲಿ ಅದು ದೊಡ್ಡ ಸಾಧನೆ, ಅನುಮಾನವೇ ಬೇಡ. ಆದರೆ ಮಾಲೀಕ ನಮ್ಮವನೇ ಆದ ಮಾತ್ರಕ್ಕೆ ಕೂಲಿ ಲೆಕ್ಕ ಬದಲಾಗಲ್ಲ. ‘ಫಂಕ್ ಬ್ರದರ್ಸ್’ ಎಂಬ ವಾದಕರ ತಂಡ 1959ರಿಂದ ಆ ಕಂಪನಿಯ ಹಿಟ್ ಹಾಡುಗಳ ಹಿಂದೆ ದುಡಿಯಿತು. ಅವರಿಗೆ ಕೂಲಿ, ಆಮೇಲೆ ಸಂಬಳ ಸಿಕ್ಕಿತು. ಹಾಡಿನ ರಾಯಲ್ಟಿಯಲ್ಲಿ ಪಾಲು ಸಿಗಲಿಲ್ಲ. ಬಹುತೇಕ ರೆಕಾರ್ಡುಗಳ ಮೇಲೆ ಹೆಸರೂ ಬರಲಿಲ್ಲ. ಮೋಟೌನ್ ಆಲ್ಬಂ ಒಂದರ ಮೇಲೆ ಜೇಮರ್ಸನ್ ಹೆಸರು ಮೊದಲ ಬಾರಿಗೆ ಕಂಡಿದ್ದು 1971ರಲ್ಲಿ, ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಮೇಲೆ.

ಮರುವರ್ಷ ಕಂಪನಿ ಲಾಸ್ ಏಂಜಲೀಸ್‌ಗೆ ಹೋಯ್ತು. 1983ರಲ್ಲಿ ಮೋಟೌನ್ 25ನೇ ವರ್ಷದ ಸಂಭ್ರಮದ ಟಿವಿ ಕಾರ್ಯಕ್ರಮ ನಡೆದಾಗ ಜೇಮರ್ಸನ್ ವೇದಿಕೆ ಮೇಲಿರಲಿಲ್ಲ. ತಾವೇ ಟಿಕೆಟ್ ಹೊಂದಿಸಿಕೊಂಡು ಬಾಲ್ಕನಿಯಲ್ಲಿ ಕೂತು ನೋಡಿದರು. ಅದೇ ವರ್ಷ ಆಗಸ್ಟ್ 2ರಂದು ತೀರಿಕೊಂಡರು, ವಯಸ್ಸು 47. ಅವರ ಕಥೆ ಪುಸ್ತಕವಾಗಿದ್ದು 1989ರಲ್ಲಿ, ಫಂಕ್ ಬ್ರದರ್ಸ್ ಬಗ್ಗೆ ಸಾಕ್ಷ್ಯಚಿತ್ರ ಬಂದಿದ್ದು 2002ರಲ್ಲಿ. ಜಗತ್ತಿಗೆ ಅವರ ಹೆಸರು ತಲುಪಲು ಇವು ದೊಡ್ಡ ಕಾರಣ.

ಇನ್ನೊಂದು ಉದಾಹರಣೆ ಇಂಗ್ಲೆಂಡಿನದ್ದು. ಲೂ ರೀಡ್ ಅವರ 1972ರ ‘ವಾಕ್ ಆನ್ ದಿ ವೈಲ್ಡ್ ಸೈಡ್’ ಹಾಡಿನ ಜಾರುವ ಬೇಸ್ ಯಾರಿಗೆ ಗೊತ್ತಿಲ್ಲ? ಅದನ್ನು ವೇದಿಕೆಯಲ್ಲಿ ಹಾಗೇ ನುಡಿಸಲು ಒಬ್ಬರಿಂದ ಆಗಲ್ಲ. ಯಾಕಂದ್ರೆ ಅಲ್ಲಿರೋದು ಎರಡು ಬೇಸ್. ವಾದಕ ಹರ್ಬಿ ಫ್ಲವರ್ಸ್ ಮೊದಲು ನಿಲ್ಲಿಸಿ ನುಡಿಸುವ ದೊಡ್ಡ ಡಬಲ್ ಬೇಸ್‌ನಲ್ಲಿ ರೆಕಾರ್ಡ್ ಮಾಡಿ, ಅದರ ಮೇಲೆ ಎಲೆಕ್ಟ್ರಿಕ್ ಬೇಸ್ ಸೇರಿಸಿದರು. ಎರಡನೇ ವಾದ್ಯ ನುಡಿಸಿದರೆ ಹೆಚ್ಚುವರಿ ಕೂಲಿ ಸಿಗುತ್ತಿತ್ತು, ಅದಕ್ಕೇ ಹಾಗೆ ಮಾಡಿದೆ ಅಂತ ಅವರೇ ಹೇಳಿಕೊಂಡಿದ್ದರು. ಜಗತ್ತೇ ತಲೆದೂಗಿದ ಆ ನಾದ ಹುಟ್ಟಿದ್ದು ಕೂಲಿ ದರದ ನಿಯಮದಿಂದ. ಅವರಿಗೆ ಸಿಕ್ಕಿದ್ದು 17 ಪೌಂಡ್. 1990ರಲ್ಲಿ ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ತಂಡ ಅದೇ ಬೇಸ್ ಲೈನ್ ಎತ್ತಿಕೊಂಡು ಹೊಸ ಹಾಡು ಮಾಡಿದಾಗ ದುಡ್ಡು ಹೋಗಿದ್ದು ಲೂ ರೀಡ್‌ಗೆ.

ಹಾಡು ಅಂದರೆ ಯಾವುದು?

ಇದೆಲ್ಲ ಯಾರೋ ಒಬ್ಬರ ಕೆಟ್ಟತನ ಅಂತ ನೋಡಿದರೆ ವಿಷಯ ತಪ್ಪುತ್ತೆ. ಉದ್ಯಮದ ಲೆಕ್ಕದಲ್ಲಿ ‘ಹಾಡು’ ಅಂದರೆ ಸಾಹಿತ್ಯ ಮತ್ತು ಗಾಯಕರು ಹಾಡುವ ಧಾಟಿ. ಉಳಿದಿದ್ದೆಲ್ಲ ಅಲಂಕಾರ, ಅಂದರೆ ಒಂದು ದಿನದ ಕೂಲಿ ಕೊಟ್ಟು ಮುಗಿಸಬಹುದಾದ ಕೆಲಸ. ಈ ಗೆರೆ ಪ್ರಕೃತಿ ಎಳೆದಿದ್ದಲ್ಲ. ಪ್ರೊಕೊಲ್ ಹರಂ ತಂಡದ 1967ರ ‘ಎ ವೈಟರ್ ಶೇಡ್ ಆಫ್ ಪೇಲ್’ ಹಾಡಿಗೆ ಆರ್ಗನ್ ನುಡಿಸಿದ್ದ ಮ್ಯಾಥ್ಯೂ ಫಿಶರ್ 2005ರಲ್ಲಿ ಕೋರ್ಟಿಗೆ ಹೋದರು. 2009ರಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ, ಸಂಗೀತದ ಹಕ್ಕಿನಲ್ಲಿ ಅವರಿಗೆ ಶೇ. 40ರಷ್ಟು ಪಾಲು ಇದೆ ಅಂತ ಎತ್ತಿಹಿಡಿಯಿತು. ವಾದಕರೂ ಹಾಡು ಬರೆದಿರಬಹುದು ಅಂತ ಕಾನೂನು ಒಪ್ಪಿತು, 40 ವರ್ಷ ತಡವಾಗಿ.

ಹಾಗಂತ ಬೇಸ್ ನುಡಿಸಿದವರೆಲ್ಲ ಅದನ್ನು ಕಟ್ಟಿದವರೂ ಅಂತಲ್ಲ. ಇಳಯರಾಜ ಅವರನ್ನೇ ನೋಡಿ. 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರಗಳ ಹಾಡುಗಳಲ್ಲಿ ಬೇಸ್ ಲೈನ್‌ಗಳದ್ದೇ ಒಂದು ಲೋಕ ಇದೆ. ಪ್ರತಿ ವಾದ್ಯ ನುಡಿಸಬೇಕಾದ್ದನ್ನೂ ತಾವೇ ಸ್ಟಾಫ್ ನೊಟೇಷನ್ನಿನಲ್ಲಿ ಬರೆದು ಕೊಡೋದು ಅವರ ಪದ್ಧತಿ. ಅಲ್ಲಿ ಬೇಸ್ ಲೈನ್‌ನ ಕರ್ತೃ ಸಂಗೀತ ನಿರ್ದೇಶಕರೇ. ಮೋಟೌನ್‌ನಲ್ಲಿ ಜೇಮರ್ಸನ್ ಎದುರು ಎಷ್ಟೋ ಸಲ ಇರುತ್ತಿದ್ದುದು ಕಾರ್ಡ್ ಹೆಸರುಗಳ ಹಾಳೆ ಮಾತ್ರ. ಹಾಗಾಗಿ ಪ್ರತಿ ಹಾಡಿಗೂ ಕೇಳಬೇಕಾದ ಪ್ರಶ್ನೆ: ಇದನ್ನು ಬರೆದುಕೊಟ್ಟರಾ, ಅಥವಾ ನುಡಿಸುವವರೇ ಕಟ್ಟಿದರಾ? ಬರೆದುಕೊಟ್ಟಿದ್ದೇ ಆದರೂ ನುಡಿಸಿದ ಕೈಯ ಹೆಸರು ಹಾಕೋಕೆ ಏನು ಅಡ್ಡಿ?

ನಮ್ಮ ಕಾನೂನು ಏನನ್ನುತ್ತೆ?

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸಂಗೀತ ಕೃತಿಯ ಕರ್ತೃ ಅಂದರೆ ಅದರ ಸಂಯೋಜಕರು. ನುಡಿಸುವವರಿಗೆ ಬೇರೆ ಹಕ್ಕು ಬೇಕು ಅಂತ 1994ರ ತಿದ್ದುಪಡಿಯಲ್ಲಿ ‘ಪ್ರದರ್ಶಕರ ಹಕ್ಕು’ ಬಂತು. 2012ರ ತಿದ್ದುಪಡಿ ಇನ್ನೊಂದು ಹೆಜ್ಜೆ ಇಟ್ಟಿತು: ಸಿನಿಮಾಕ್ಕೆ ಬರೆದುಕೊಟ್ಟ ಒಪ್ಪಿಗೆ ಇದ್ದರೂ, ಪ್ರದರ್ಶನದ ವಾಣಿಜ್ಯ ಬಳಕೆಗೆ ರಾಯಲ್ಟಿ ಪಡೆಯುವ ಹಕ್ಕು ಪ್ರದರ್ಶಕರಿಗೆ ಇದೆ. ಗಾಯಕರು ಸಂಘಟಿತರಾಗಿ 2013ರಲ್ಲಿ ‘ಇಸ್ರಾ’ ಸಂಘವನ್ನು ನೋಂದಾಯಿಸಿಕೊಂಡರು.

ಆದರೆ ಅದೇ 2012ರ ತಿದ್ದುಪಡಿಯಲ್ಲಿ ಒಂದು ಬಾಲ ಇದೆ. ಸಿನಿಮಾದಲ್ಲಿ ಒಬ್ಬರ ಪ್ರದರ್ಶನ ಆಕಸ್ಮಿಕ ಅಥವಾ ಪ್ರಾಸಂಗಿಕ ಸ್ವರೂಪದ್ದಾಗಿದ್ದು, ಉದ್ಯಮದ ರೂಢಿಯಂತೆ ಅವರ ಹೆಸರನ್ನು ಎಲ್ಲೂ ಹಾಕದಿದ್ದರೆ, ಅವರನ್ನು ‘ಪ್ರದರ್ಶಕರು’ ಅಂತ ಪರಿಗಣಿಸುವ ಹಾಗಿಲ್ಲ. ತಮ್ಮ ಪ್ರದರ್ಶನವನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕೊಂದೇ ಅವರಿಗೆ ಉಳಿಯೋದು. ಸ್ಟುಡಿಯೋದಲ್ಲಿ ಇಡೀ ಹಾಡಿಗೆ ನುಡಿಸಿದ ಬೇಸ್ ಆಕಸ್ಮಿಕ ಅಲ್ಲ ಅಂತ ಖಂಡಿತ ವಾದಿಸಬಹುದು. ಆದರೆ ಶರತ್ತಿನ ಇನ್ನರ್ಧ ಗಮನಿಸಿ. ಹೆಸರು ಹಾಕದ ರೂಢಿಯನ್ನೇ ಹಕ್ಕು ಕೊಡದಿರಲು ಆಧಾರ ಮಾಡಿಕೊಳ್ಳಲಾಗಿದೆ. ಯಾರ ರೂಢಿ? ಹೆಸರು ಹಾಕುವ ಅಧಿಕಾರ ಇರುವವರದ್ದು. ಟೈಟಲ್ ಕಾರ್ಡ್ ಬರೀ ಗೌರವದ ವಿಷಯ ಅಲ್ಲ, ಅದೊಂದು ಸಾಕ್ಷಿ.

ಪಬ್‌ನಲ್ಲಿ ಕವರ್ ಬ್ಯಾಂಡ್ ನುಡಿಸಿದಾಗ ಲೈಸೆನ್ಸ್ ಹಣ ಹೋಗಬೇಕಾದ್ದು ಸಾಹಿತ್ಯ ಮತ್ತು ಸಂಗೀತದ ಹಕ್ಕುದಾರರಿಗೆ. ಅದನ್ನು ಸಂಗ್ರಹಿಸುವ ಸಂಸ್ಥೆ ಐಪಿಆರ್‌ಎಸ್. ಅದು ಸರಿಯೇ, ಕೊಡಲೇಬೇಕು. ಆದರೆ ಮೂಲ ರೆಕಾರ್ಡಿನಲ್ಲಿ ಆ ಬೇಸ್ ಕಟ್ಟಿದವರ ಹೆಸರು ಕರ್ತೃಗಳ ಪಟ್ಟಿಯಲ್ಲಿ ಇಲ್ಲದಿದ್ದರೆ, ನೀವು ಎರಡು ತಿಂಗಳು ಬೆವರು ಸುರಿಸಿ ಕಲಿತ ಭಾಗಕ್ಕೆ ಆ ದುಡ್ಡಿನಲ್ಲಿ ಬಿಡಿಗಾಸೂ ಇಲ್ಲ.

ನಾವು ಮಾಡಬಹುದಾದ್ದು

ಗಿಗ್ ಕಾರ್ಮಿಕರ ಬಗ್ಗೆ ಮಾತಾಡುವಾಗ ನಮಗೆ ಡೆಲಿವರಿ ಹುಡುಗರು, ಕ್ಯಾಬ್ ಚಾಲಕರು ನೆನಪಾಗ್ತಾರೆ. ‘ಗಿಗ್’ ಪದ ಬಂದಿದ್ದೇ ಸಂಗೀತಗಾರರಿಂದ. ಒಂದು ರಾತ್ರಿಯ ಕೆಲಸ, ಒಂದು ರಾತ್ರಿಯ ಕೂಲಿ.

ಕಾನೂನು ಬದಲಾಗೋ ತನಕ ಕಾಯಬೇಕಿಲ್ಲ. ಸ್ವಂತ ಹಾಡು ಮಾಡುವ ಕನ್ನಡದ ಸಣ್ಣ ಬ್ಯಾಂಡ್‌ಗಳು, ಹಾಡು ಬಿಡುಗಡೆಗೆ ಮುಂಚೆಯೇ ಯಾರ ಪಾಲು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಲಿ. ಸ್ನೇಹ ಚೆನ್ನಾಗಿರುವಾಗಲೇ ಇದು ಆಗಬೇಕು, ಹಾಡು ಹಿಟ್ ಆದಮೇಲೆ ಅಲ್ಲ. ಯೂಟ್ಯೂಬ್ ವಿವರಣೆಯಲ್ಲಿ ‘ಸಂಗೀತ’ದ ಕೆಳಗೆ ಬೇಸ್, ತಬಲಾ, ಕೀಬೋರ್ಡ್ ನುಡಿಸಿದವರ ಹೆಸರಿರಲಿ, ಅದಕ್ಕೆ ಖರ್ಚು ಸೊನ್ನೆ. ಸ್ಟುಡಿಯೋದಲ್ಲಿ ನುಡಿಸುವವರು ಬಾಯಿಮಾತಿಗೆ ನಿಲ್ಲದೆ ಒಪ್ಪಂದ ಕೇಳಲಿ, ಅದರಲ್ಲಿ ಹೆಸರಿನ ಸಾಲೊಂದು ಇರಲಿ.

ಕವರ್ ಬ್ಯಾಂಡಿನವರಿಗೆ ಇದು ಇನ್ನೂ ಸುಲಭ. ಹಾಡು ಶುರುವಾಗೋ ಮುಂಚೆ ಮೈಕಿನಲ್ಲಿ ಗಾಯಕರ ಹೆಸರು ಹೇಳುವ ಹಾಗೆ, ಅದರ ಬೇಸ್ ನುಡಿಸಿದವರ ಹೆಸರನ್ನೂ ಹುಡುಕಿ ಹೇಳಿ. ಐದು ಸೆಕೆಂಡ್ ಸಾಕು. ಆ ಐದು ಸೆಕೆಂಡ್ ಜೇಮರ್ಸನ್‌ಗೆ ಸಿಗಲು 12 ವರ್ಷ ಹಿಡಿಯಿತು.