ದೋಟಿಯ ಓಲಾಟ

ಬೆಳೆಗಾರ ಬಂಧುಗಳೇ,

ಅಡಿಕೆ ಕೊಯ್ಲಿಗೂ ಬೋರ್ಡೋ ಹೊಡೆಯಲಿಕ್ಕೂ ಕೆಲವು ವರ್ಷಗಳಿಂದ ಕಾರ್ಬನ್ ಫೈಬರ್ ದೋಟಿ ಬಳಕೆಗೆ ಬಂದಿದೆ. ಮರ ಹತ್ತುವವರು ಸಿಗದ ಕಾಲದಲ್ಲಿ ಇದು ದೊಡ್ಡ ಅನುಕೂಲವೇ ಸರಿ. ಆದರೆ ಎತ್ತಿ ಹಿಡಿದೊಡನೆ ತುದಿ ಓಲಾಡುವುದೇಕೆ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸದಲ್ಲಿರುವ ಪರಿಚಿತ ಇಂಜಿನಿಯರೊಬ್ಬರನ್ನು ಕೇಳಿದೆ. ಬಾಗುವ ವಸ್ತುವನ್ನು ಲೆಕ್ಕ ಹಾಕುವಾಗ, ಸ್ಪ್ರಿಂಗುಗಳಿಂದ ಜೋಡಿಸಿದ ಹಲವು ತುಂಡುಗಳೆಂದು ಅದನ್ನು ಭಾವಿಸುತ್ತಾರಂತೆ. ಪ್ರತಿ ತುಂಡಿನ ಸಣ್ಣ ಬಾಗು ತುದಿಯಲ್ಲಿ ಕೂಡಿ ದೊಡ್ಡದಾಗುತ್ತದೆ. ಬುಡವನ್ನು ಭದ್ರವಾಗಿ ಹಿಡಿದ, ಒಂದೇ ದಪ್ಪದ ಕೋಲಿನ ಉದ್ದ ಇಮ್ಮಡಿಯಾದರೆ, ತುದಿಯ ಮೇಲಿನ ಅದೇ ಅಡ್ಡ ಎಳೆತಕ್ಕೆ ಬಾಗು 8 ಪಟ್ಟು. ಒಂದು ಓಲಾಟಕ್ಕೆ ಹಿಡಿಯುವ ಕಾಲ 4 ಪಟ್ಟು. ನಮ್ಮ ಕೈಯ ಎಳೆತ ಆ ಓಲಾಟಕ್ಕೆ ತಾಳ ಕೂಡಿದರೆ, ಜೀಕಿದ ಉಯ್ಯಾಲೆಯಂತೆ ಅದು ಬೆಳೆಯುತ್ತದೆ.

ಆದ್ದರಿಂದ ತುದಿ ನಿಂತ ಮೇಲೆಯೇ ಎಳೆಯಿರಿ. ಇನ್ನೊಂದು ಮಾತು: ಅಲ್ಯೂಮಿನಿಯಂನಂತೆ ಕಾರ್ಬನ್ ಫೈಬರಿನಲ್ಲೂ ವಿದ್ಯುತ್ ಹರಿಯುತ್ತದೆ. ದೋಟಿ ಯಾವ ಕಡೆ ವಾಲಿ ಬಿದ್ದರೂ ವಿದ್ಯುತ್ ತಂತಿ ಮುಟ್ಟದಷ್ಟು ದೂರವಿರಲಿ. ಅಷ್ಟು ದೂರವಿಲ್ಲದಲ್ಲಿ, ಲೈನು ನಿಲ್ಲಿಸಿದ್ದು ಖಚಿತವಾಗದೆ ದೋಟಿ ಎತ್ತಲೇಬೇಡಿ. ಇದನ್ನು ಕೊಯ್ಲಿನವರಿಗೂ ತಿಳಿಸಬೇಕಾಗಿ ವಿನಂತಿ.

– ಕಾರ್ಯದರ್ಶಿ