ಬೆರಳಚ್ಚು ಸುಳ್ಳಾಡದು, ನೋಡುವ ಕಣ್ಣು?

ಬೆರಳಚ್ಚು ಸಿಕ್ಕರೆ ಕಳ್ಳ ಸಿಕ್ಕಂತೆಯೇ ಎಂಬುದು ಜನರ ನಂಬಿಕೆ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಆರಂಭವಾದಂದಿನಿಂದ ಈ ವಿದ್ಯೆಯ ಮೇಲಿನ ಭರವಸೆ ಬೆಳೆಯುತ್ತಲೇ ಬಂದಿತ್ತು. 2004ರಲ್ಲಿ ನಡೆದ ಪ್ರಮಾದವೊಂದು ಅದನ್ನು ಅಲುಗಾಡಿಸಿತು.

ಆ ವರ್ಷ ಮಾರ್ಚ್ 11ರಂದು ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬ್ ಸ್ಫೋಟಿಸಿ 190ಕ್ಕೂ ಹೆಚ್ಚು ಮಂದಿ ಸತ್ತರು. ಡಿಟೊನೇಟರ್‌ಗಳಿದ್ದ ಪ್ಲಾಸ್ಟಿಕ್ ಚೀಲದ ಮೇಲೆ ಬೆರಳಚ್ಚೊಂದು ದೊರೆಯಿತು. ಅಮೆರಿಕದ ಎಫ್‌ಬಿಐ ಸಂಸ್ಥೆಯ ಕಂಪ್ಯೂಟರ್ ಅದನ್ನು ಹೋಲುವ 20 ಅಚ್ಚುಗಳನ್ನು ಹೆಕ್ಕಿಕೊಟ್ಟಿತು. ನಾಲ್ಕನೆಯದು ಒರೆಗಾನ್ ರಾಜ್ಯದ ವಕೀಲರೊಬ್ಬರದು. ಮೂವರು ಅನುಭವಿ ತಜ್ಞರು ‘ಇವರದೇ’ ಎಂದರು. ‘ಹೊಂದುವುದಿಲ್ಲ’ ಎಂದು ಸ್ಪೇನ್ ಪೊಲೀಸರು ಏಪ್ರಿಲ್‌ನಲ್ಲೇ ತಿಳಿಸಿದರೂ ಎಫ್‌ಬಿಐ ಪಟ್ಟು ಬಿಡಲಿಲ್ಲ. ಮೇ 6ರಂದು ವಕೀಲರ ಬಂಧನವಾಯಿತು. ಎರಡು ವಾರಗಳ ಬಳಿಕ, ಅಚ್ಚು ಅಲ್ಜೀರಿಯಾದ ವ್ಯಕ್ತಿಯೊಬ್ಬನದೆಂದು ಸ್ಪೇನ್ ಪತ್ತೆಹಚ್ಚಿತು. ವಕೀಲರ ಬಿಡುಗಡೆಯಾಯಿತು, ಎಫ್‌ಬಿಐ ಕ್ಷಮೆ ಕೇಳಿತು.

ತಪ್ಪಿದ್ದೆಲ್ಲಿ? ಅಮೆರಿಕದ ನ್ಯಾಯ ಇಲಾಖೆಯ ತನಿಖಾ ವರದಿ 2006ರಲ್ಲಿ ಇದನ್ನು ಬಿಡಿಸಿ ಹೇಳಿತು. ಎರಡು ಅಚ್ಚುಗಳ ನಡುವೆ ಅಸಾಧಾರಣ ಹೋಲಿಕೆಯಿತ್ತು ನಿಜ. ಆದರೆ ಕೆಲವು ಗುರುತುಗಳು ಕೂಡಿದೊಡನೆ ತಜ್ಞರು ವಕೀಲರ ಅಚ್ಚಿನಲ್ಲಿದ್ದ ಗೆರೆಗಳನ್ನೇ ಚೀಲದ ಮಸುಕು ಅಚ್ಚಿನಲ್ಲಿ ಹುಡುಕತೊಡಗಿದರು. ಹುಡುಕಿದ್ದು ಕಂಡಿತು. ಹೊಂದದ ಭಾಗಕ್ಕೆ ಸಮಜಾಯಿಷಿ ಹುಟ್ಟಿಕೊಂಡಿತು. ಮರುಪರಿಶೀಲಿಸಿದವರಿಗೆ ಮೊದಲಿನವರ ತೀರ್ಮಾನ ಮುಂಚೆಯೇ ಗೊತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಮನೋವಿಜ್ಞಾನಿ ಇಟಿಯಲ್ ಡ್ರೋರ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿಯೇ ನೋಡಿದರು. ಐವರು ತಜ್ಞರಿಗೆ, ಹಿಂದೆ ಅವರೇ ‘ಹೊಂದುತ್ತವೆ’ ಎಂದಿದ್ದ ಅಚ್ಚುಗಳನ್ನು ಕೊಟ್ಟು, ‘ಇವು ಮ್ಯಾಡ್ರಿಡ್ ಪ್ರಕರಣದಲ್ಲಿ ಎಡವಟ್ಟಾದ ಅಚ್ಚುಗಳು’ ಎಂದು ಹೇಳಲಾಯಿತು. ಮೂವರು ‘ಹೊಂದುವುದಿಲ್ಲ’ ಎಂದರು. ಒಬ್ಬರು ‘ಹೇಳಲಾಗದು’ ಎಂದರು. ಹಳೆಯ ಮಾತಿಗೆ ನಿಂತವರು ಒಬ್ಬರೇ. ಅಚ್ಚು ಬದಲಾಗಿರಲಿಲ್ಲ, ಕಿವಿಗೆ ಬಿದ್ದ ಮಾತು ಬದಲಾಗಿತ್ತು.

ಇದಕ್ಕೆ ಮದ್ದು ದುಬಾರಿ ಯಂತ್ರವಲ್ಲ, ಕೆಲಸದ ಕ್ರಮ. ಸ್ಥಳದಲ್ಲಿ ಸಿಕ್ಕ ಅಚ್ಚಿನ ಗುರುತುಗಳನ್ನು ಮೊದಲು ಬರೆದಿಡಬೇಕು. ಶಂಕಿತನ ಅಚ್ಚನ್ನು ಆಮೇಲೆ ನೋಡಬೇಕು. ಎರಡನೆಯ ತಜ್ಞರಿಗೆ ಮೊದಲಿನವರ ತೀರ್ಮಾನ ತಿಳಿದಿರಬಾರದು. ಆರೋಪಿ ತಪ್ಪೊಪ್ಪಿಕೊಂಡನೇ, ಅವನ ಪೂರ್ವಚರಿತ್ರೆಯೇನು ಎಂಬುದು ಗೆರೆ ಎಣಿಸುವವರಿಗೆ ಬೇಡದ ವಿಷಯ.

ಈ ಪಾಠ ನಮಗೂ ಸಲ್ಲುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಅವಕಾಶವಿದೆ. ತಜ್ಞರ ಮಾತಿಗೆ ತೂಕ ಹೆಚ್ಚಿದಷ್ಟೂ, ಆ ಮಾತು ಹುಟ್ಟುವ ಬಗೆಯೂ ಶುದ್ಧವಾಗಿರಬೇಕು. ಇನ್ನೊಂದು ತಟ್ಟೆಯಲ್ಲಿರುವುದು ಒಬ್ಬ ಮನುಷ್ಯನ ಬಾಳು.